‘ದಿ ಕ್ವೈಟ್ ಮ್ಯಾನ್’: ಒಂದು ರಸಪರಿಚಯ

ಹಾಸ್ಯಚಿತ್ರವೆಂದರೆ ನಕ್ಕು ಮರೆಯತಕ್ಕದ್ದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ದುಃಖಾಂತ ಕೃತಿಗಳಿಗೆ ಪುಟಗಟ್ಟಲೆ ವಿಮರ್ಶೆ ಬರೆಯುವ ನಾವು ನಗೆಯನ್ನು ಬಿಡಿಸಿ ನೋಡುವ ಗೋಜಿಗೆ ಹೋಗುವುದಿಲ್ಲ. ಆದರೆ ಕೆಲವು ನಗೆಗಳು ಒಂದು ನಾಡಿನ ರೂಢಿಯ ಮೇಲೆ ನಿಂತಿರುತ್ತವೆ. ಆ ರೂಢಿಯನ್ನು ಅರಿಯದಿದ್ದರೆ ಕಥೆಯೇ ತಲೆಕೆಳಗಾಗಿ ತೋರುತ್ತದೆ. ಹಾಲಿವುಡ್ಡಿನ ಹೆಸರಾಂತ ನಿರ್ದೇಶಕ ಜಾನ್ ಫೋರ್ಡ್ 1952ರಲ್ಲಿ ತೆರೆಗೆ ತಂದ ‘ದಿ ಕ್ವೈಟ್ ಮ್ಯಾನ್’ ಅಂತಹ ಒಂದು ಚಿತ್ರ. ಐರ್ಲೆಂಡಿನ ಹಳ್ಳಿಯೊಂದರ ಈ ಪ್ರಣಯಕಥೆಯನ್ನು ನಾನು ಹಲವು ಸಲ ನೋಡಿ ಸಂತೋಷಪಟ್ಟಿದ್ದೇನೆ. ಜೊತೆಯಲ್ಲಿ ನೋಡಿದ ಮಿತ್ರರು ಪ್ರತಿಸಲವೂ ಕೇಳಿದ ಪ್ರಶ್ನೆ ಒಂದೇ: “ಇದೇನಯ್ಯಾ, ಗಂಡು ಬೇಡವೆಂದರೂ ಹೆಣ್ಣೇ ವರದಕ್ಷಿಣೆಗೆ ಹಟ ಹಿಡಿಯುತ್ತಾಳಲ್ಲ?” ಆ ಪ್ರಶ್ನೆಗೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ಷಾನ್ ಥಾರ್ನ್‌ಟನ್ ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ, ಪಿಟ್ಸ್‌ಬರ್ಗ್ ನಗರದಲ್ಲಿ ಬೆಳೆದವನು. ಈಗ ತಾನು ಹುಟ್ಟಿದ ಇನ್ನಿಸ್‌ಫ್ರೀ ಎಂಬ ಹಳ್ಳಿಗೆ ಮರಳಿ, ಪೂರ್ವಿಕರ ಹುಲ್ಲುಮನೆಯನ್ನು ವಿಧವೆಯಾದ ಶ್ರೀಮತಿ ಟಿಲೇನಳಿಂದ ಕೊಳ್ಳುತ್ತಾನೆ. ಅದೇ ನೆಲದ ಮೇಲೆ ಕಣ್ಣಿಟ್ಟಿದ್ದ ಜಮೀನುದಾರ ವಿಲ್ ಡಾನಹರನಿಗೆ ಇದರಿಂದ ಕಡುಕೋಪ. ಷಾನ್ ಮನಸೋಲುವುದೋ ಅದೇ ವಿಲ್ಲನ ತಂಗಿ ಮೇರಿ ಕೇಟಳಿಗೆ! ಅಣ್ಣನ ಒಪ್ಪಿಗೆಯಿಲ್ಲದೆ ಮದುವೆ ಇಲ್ಲ. ಊರಿನ ಪಾದ್ರಿಗಳೂ ಸಂಬಂಧ ಕುದುರಿಸುವ ಮೈಕಲೀನನೂ ಸೇರಿ ಹೂಡಿದ ಒಂದು ಉಪಾಯದಿಂದ ವಿಲ್ ಒಪ್ಪುತ್ತಾನೆ: ತಂಗಿ ಮನೆಬಿಟ್ಟು ಹೋದರೆ ಟಿಲೇನಳು ತನ್ನನ್ನು ವರಿಸುತ್ತಾಳೆಂದು ಅವನನ್ನು ನಂಬಿಸುತ್ತಾರೆ. ಮದುವೆಯ ದಿನವೇ ಗುಟ್ಟು ರಟ್ಟಾಗುತ್ತದೆ. ಸಿಟ್ಟಿಗೆದ್ದ ವಿಲ್ ಮದುಮಗನನ್ನು ಹೊಡೆದು ಕೆಡವಿ, ತಂಗಿಗೆ ಸಲ್ಲಬೇಕಾದ 350 ಪೌಂಡನ್ನೂ ಸಾಮಾನನ್ನೂ ಕೊಡುವುದಿಲ್ಲವೆನ್ನುತ್ತಾನೆ.

ಷಾನ್‌ಗೆ ಆ ಹಣ ಬೇಕಿಲ್ಲ. ಮೇರಿ ಕೇಟಳಿಗೆ ಬೇಕು. ಅದು ಕೈಸೇರುವವರೆಗೆ ಸಂಸಾರವಿಲ್ಲವೆಂದು ಮೊದಲ ರಾತ್ರಿಯೇ ಬಾಗಿಲಿಗೆ ಅಗಳಿ ಹಾಕುತ್ತಾಳೆ.

ಇಲ್ಲಿ ‘ವರದಕ್ಷಿಣೆ’ ಎಂಬ ಮಾತು ನಮ್ಮ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಅದು ವರನ ಕಡೆಯವರು ಕೇಳಿ ಪಡೆಯುವ ಹಣ. 1961ರ ಕಾನೂನು ನಿಷೇಧಿಸಿದ ಪಿಡುಗು. ಮೇರಿ ಕೇಟ್ ಕೇಳುವುದು ನಮ್ಮ ಸ್ತ್ರೀಧನಕ್ಕೆ ಹತ್ತಿರವಾದುದು. 1845ರಿಂದ 1849ರವರೆಗಿನ ಘೋರ ಕ್ಷಾಮದ ತರುವಾಯ ಐರ್ಲೆಂಡಿನ ರೈತರು ಜಮೀನನ್ನು ಪಾಲುಮಾಡದೆ ಒಬ್ಬನೇ ಮಗನಿಗೆ ಬಿಡುವ ಪದ್ಧತಿ ಬಲವಾಯಿತು. ಉಳಿದ ಮಕ್ಕಳಲ್ಲಿ ಅನೇಕರು ಹಡಗು ಹತ್ತಿದರು. ಊರಲ್ಲೇ ಮದುವೆಯಾಗುವ ಹೆಣ್ಣು ಗಂಡಿನ ಜಮೀನಿಗೆ ತಕ್ಕ ಮೊತ್ತವನ್ನು ತರಬೇಕಿತ್ತು. ಅದನ್ನು ತಂದವಳಿಗೆ ಹೊಸಮನೆಯಲ್ಲಿ ಒಡತಿಯ ಸ್ಥಾನ ಸಿಗುತ್ತಿತ್ತು. ಈ ವ್ಯವಹಾರದಲ್ಲಿ ಲೋಭವಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ಅಣ್ಣನ ಮನೆಯಲ್ಲಿ ದುಡಿದು ಬೆಳೆದ ಹೆಣ್ಣಿಗೆ ಆ ಹಣ, ತಾಯಿಯಿಂದ ಬಂದ ಆ ಮೇಜು ಕುರ್ಚಿ, ಇವು ತಾನೂ ಒಬ್ಬ ವ್ಯಕ್ತಿಯೆಂಬುದಕ್ಕೆ ಗುರುತು. ಅವಿಲ್ಲದೆ ಹೋದರೆ ತಾನು ಹೆಂಡತಿಯಲ್ಲ, ಇಷ್ಟು ದಿನ ಇದ್ದಂತೆ ಕೆಲಸದವಳೇ ಎಂದು ಅವಳು ಗಂಡನಿಗೆ ಬಿಚ್ಚಿಯೇ ಹೇಳುತ್ತಾಳೆ.

ಷಾನ್ ಇದನ್ನು ಅರ್ಥಮಾಡಿಕೊಳ್ಳದಿರುವುದಕ್ಕೂ ಕಾರಣವಿದೆ. ಅವನು ಅಮೆರಿಕದಲ್ಲಿ ಮುಷ್ಟಿಕಾಳಗದ ಮಲ್ಲನಾಗಿದ್ದವನು. ಒಂದು ಪಂದ್ಯದಲ್ಲಿ ಅವನ ಪೆಟ್ಟಿಗೆ ಎದುರಾಳಿ ಸತ್ತ. ಪಂದ್ಯದ ಹಣಕ್ಕಾಗಿ ಒಂದು ಜೀವ ತೆಗೆದೆನೆಂಬ ಕೊರಗು ಅವನನ್ನು ತಿನ್ನುತ್ತಿದೆ. ಇನ್ನು ಹಣಕ್ಕಾಗಿ ಕೈಯೆತ್ತೆನೆಂದು ಶಪಥ ಮಾಡಿದ್ದಾನೆ. ಊರಿನಲ್ಲಿ ಈ ಗುಟ್ಟು ತಿಳಿದವರು ಪ್ರಾಟೆಸ್ಟೆಂಟ್ ಪಾದ್ರಿ ಪ್ಲೇಫೇರ್ ಒಬ್ಬರೇ. ಹೀಗಾಗಿ ಗಂಡನ ಕಣ್ಣಿಗೆ ಹೆಂಡತಿ ಹಣದಾಸೆಯವಳು, ಹೆಂಡತಿಯ ಕಣ್ಣಿಗೆ ಗಂಡ ಹೇಡಿ. ಒಂದೇ 350 ಪೌಂಡು ಅವನಿಗೆ ರಕ್ತದ ಕಲೆ, ಅವಳಿಗೆ ಮಾನ. ಇಡೀ ಚಿತ್ರದ ನಗೆಯೂ ನೋವೂ ಹುಟ್ಟುವುದು ಇಲ್ಲಿಂದಲೇ.

ಇಷ್ಟು ಗಂಭೀರವಾದ ವಿಷಯವನ್ನು ಫೋರ್ಡ್ ಎಷ್ಟು ಹಗುರವಾಗಿ ಹೇಳುತ್ತಾನೆಂಬುದನ್ನು ನೋಡಬೇಕು. ಮೈಕಲೀನನ ಕುದುರೆ ಹೆಂಡದಂಗಡಿ ಬಂದೊಡನೆ ತಾನಾಗಿಯೇ ನಿಲ್ಲುತ್ತದೆ. ವಧೂವರರನ್ನು ಅವನು ಗಾಡಿಯ ಎರಡು ಪಕ್ಕಗಳಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂರಿಸಿ ವಿಹಾರಕ್ಕೆ ಕರೆದೊಯ್ಯುತ್ತಾನೆ. ಅವರು ಇಬ್ಬರು ತುಳಿಯುವ ಸೈಕಲ್ ಹತ್ತಿ ತಪ್ಪಿಸಿಕೊಳ್ಳುತ್ತಾರೆ. ಕೊನೆಯಲ್ಲಿ, ಪ್ಲೇಫೇರರಿಗೆ ವರ್ಗವಾಗಬಾರದೆಂದು ಊರಿನ ಕ್ಯಾಥೊಲಿಕರೆಲ್ಲ ಪ್ರಾಟೆಸ್ಟೆಂಟರಂತೆ ನಟಿಸಿ ಬಿಷಪ್ಪರಿಗೆ ಜಯಕಾರ ಹಾಕುತ್ತಾರೆ. ಅವರ ನಡುವೆ ಕ್ಯಾಥೊಲಿಕ್ ಪಾದ್ರಿ ಲೋನರ್ಗನ್ನರು ತಮ್ಮ ಬಿಳಿಯ ಕೊರಳಪಟ್ಟಿಯನ್ನು ಮರೆಮಾಡಿಕೊಂಡು ನಿಂತ ದೃಶ್ಯ ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಈ ಚಿತ್ರ ಸುಲಭವಾಗಿ ಆದದ್ದಲ್ಲ. ಫೋರ್ಡನ ತಂದೆತಾಯಿಗಳು ಐರ್ಲೆಂಡಿನ ಗಾಲ್ವೇ ಪ್ರಾಂತದಿಂದ ವಲಸೆ ಹೋದವರು. ಮಾರಿಸ್ ವಾಲ್ಷ್ 1933ರಲ್ಲಿ ಬರೆದ ಸಣ್ಣಕಥೆಯ ಹಕ್ಕನ್ನು ಅವನು 1936ರಲ್ಲೇ ಕೊಂಡಿದ್ದರೂ ಬಂಡವಾಳ ಹಾಕುವವರು ಸಿಗದೆ ವರ್ಷಗಟ್ಟಲೆ ಕಾದ. ಕೊನೆಗೆ ರಿಪಬ್ಲಿಕ್ ಸಂಸ್ಥೆ ಒಪ್ಪಿದ್ದೂ ಒಂದು ಷರತ್ತಿನ ಮೇಲೆ: ಇದೇ ಜಾನ್ ವೇನ್ ಮತ್ತು ಮೌರೀನ್ ಓಹಾರಾ ಜೋಡಿಯಿಂದ ಮೊದಲು ಹಣ ತರುವ ಕುದುರೆಸವಾರರ ಚಿತ್ರವೊಂದನ್ನು ಮಾಡಿಕೊಡಬೇಕು. ಅದು 1950ರ ‘ರಿಯೋ ಗ್ರಾಂಡೆ’. ಆಮೇಲೆ 1951ರ ಬೇಸಗೆಯಲ್ಲಿ ಮೇಯೋ ಪ್ರಾಂತದ ಕಾಂಗ್ ಗ್ರಾಮದ ಸುತ್ತಮುತ್ತ ಹೊರಾಂಗಣ ಚಿತ್ರಣ ನಡೆಯಿತು. ಆ ಹಸಿರು ಬಣ್ಣಗಳ ಛಾಯಾಗ್ರಹಣಕ್ಕೆ ಒಂದು, ನಿರ್ದೇಶನಕ್ಕೆ ಒಂದು, ಹೀಗೆ ಎರಡು ಆಸ್ಕರ್ ಪ್ರಶಸ್ತಿಗಳು ಬಂದವು. ನಿರ್ದೇಶಕನಾಗಿ ಫೋರ್ಡನಿಗೆ ಅದು ನಾಲ್ಕನೆಯದು.

ಗುಣದಂತೆ ದೋಷವನ್ನೂ ಹೇಳಬೇಕು. 1951ರಿಂದ 1961ರವರೆಗಿನ ಹತ್ತು ವರ್ಷಗಳಲ್ಲಿ ಸುಮಾರು 4 ಲಕ್ಷ ಜನ ಐರ್ಲೆಂಡನ್ನು ತೊರೆದು ಹೋದರು. ಆ ಬಡತನದ ಸುಳಿವು ಇನ್ನಿಸ್‌ಫ್ರೀಯಲ್ಲಿಲ್ಲ. ಅದು ವಲಸೆ ಹೋದವರ ಮಕ್ಕಳು ಕಂಡ ಕನಸಿನ ಊರು. ಇದನ್ನಾದರೂ ಕ್ಷಮಿಸಬಹುದು. ಗಂಡನಿಗೆ ಧೈರ್ಯವಿಲ್ಲವೆಂದು ಬೇಸತ್ತ ಮೇರಿ ಕೇಟ್ ಡಬ್ಲಿನ್ನಿನ ರೈಲು ಹತ್ತಿದಾಗ, ಷಾನ್ ಅವಳನ್ನು ಕೆಳಗಿಳಿಸಿ ಹೊಲಗದ್ದೆಗಳ ಮೇಲೆ ಮೈಲಿಗಟ್ಟಲೆ ಎಳೆದು ತರುತ್ತಾನೆ. ಊರೆಲ್ಲ ನಗುತ್ತ ಹಿಂಬಾಲಿಸುತ್ತದೆ; ಹೊಡೆಯಲಿಕ್ಕೆಂದು ಹೆಂಗಸೊಬ್ಬಳು ಕೋಲನ್ನೂ ಕೊಡುತ್ತಾಳೆ. ಈ ದೃಶ್ಯಕ್ಕೆ ನಾನು ನಗಲಾರೆ. ಹೆಣ್ಣಿನ ಮಾನವನ್ನೇ ಕಥೆಯ ಜೀವವಾಗಿಸಿಕೊಂಡ ಚಿತ್ರ ಅಲ್ಲಿ ಅವಳ ಮಾನವನ್ನೇ ತಮಾಷೆಯ ವಸ್ತುವಾಗಿ ಮಾಡಿದೆ. ಕಾಲ ಬೇರೆಯಿತ್ತು ಎಂಬ ಸಮಾಧಾನ ಸಾಲದು.

ಆದರೂ ಅದರ ಮರುಕ್ಷಣವೇ ಚಿತ್ರದ ಅತ್ಯುತ್ತಮ ಘಟ್ಟ ಬರುತ್ತದೆ. ಹೊಲದಲ್ಲಿ ಒಕ್ಕಣೆಯ ಯಂತ್ರ ನಡೆಯುತ್ತಿದೆ. ಹಣವಿಲ್ಲದಿದ್ದರೆ ಮದುವೆಯೂ ಇಲ್ಲವೆಂದು ಷಾನ್ ಎಲ್ಲರೆದುರಿಗೆ ವಿಲ್ಲನಿಗೆ ಸವಾಲು ಹಾಕುತ್ತಾನೆ. ನಾಚಿಕೆಗೆ ಸಿಕ್ಕ ಅಣ್ಣ ನೋಟುಗಳನ್ನು ಎಸೆಯುತ್ತಾನೆ. ಮೇರಿ ಕೇಟ್ ಯಂತ್ರದ ಉರಿಯುವ ಒಲೆಯ ಬಾಗಿಲನ್ನು ತೆರೆಯುತ್ತಾಳೆ. ಷಾನ್ ಅಷ್ಟೂ ಹಣವನ್ನು ಬೆಂಕಿಗೆ ಹಾಕುತ್ತಾನೆ. ಹಕ್ಕು ಸಂದಿತು, ಇನ್ನು ಕಾಗದದ ಹಂಗೇಕೆ? ಅವಳು ತಲೆಯೆತ್ತಿ ಅಡಿಗೆ ಮಾಡಲು ಮನೆಗೆ ನಡೆದರೆ, ಭಾವಮೈದುನರಿಬ್ಬರೂ ಊರುಕೇರಿ ಸುತ್ತಿ, ನಡುವೆ ಹೆಂಡದಂಗಡಿಯಲ್ಲಿ ವಿಶ್ರಮಿಸಿ, ಮನಸಾರೆ ಗುದ್ದಾಡಿ, ಹೆಗಲಿಗೆ ಕೈಹಾಕಿಕೊಂಡು ಊಟಕ್ಕೆ ಬರುತ್ತಾರೆ.

ಅವಕಾಶ ದೊರೆತಾಗ ಮಿತ್ರರು ಈ ಚಿತ್ರವನ್ನು ನೋಡಬೇಕೆಂದು ನನ್ನ ಬಿನ್ನಹ. ಒಲೆಗೆ ಹಣ ಹಾಕುವ ಷಾನ್‌ನ ಕೈಯನ್ನು ಎಲ್ಲರೂ ನೋಡುತ್ತಾರೆ. ಅದಕ್ಕೆ ಮೊದಲು, ಯಾರೂ ಹೇಳದೆ ಆ ಬಾಗಿಲನ್ನು ತೆರೆದ ಅವಳ ಕೈಯನ್ನೂ ನೋಡಿರಿ.