ಮೂತ್ರಪಿಂಡ ಕಸಿಯ ನಂತರ ಬಿಳಿ ರಕ್ತಕಣಗಳ ಲೆಕ್ಕ

ಮೂತ್ರಪಿಂಡ ಕಸಿಯಾಗಿ ಎರಡು ತಿಂಗಳಾಗಿದ್ದ ರೋಗಿಯೊಬ್ಬರ ಪತ್ನಿ ರಕ್ತಪರೀಕ್ಷೆಯ ವರದಿ ಹಿಡಿದು ಗಾಬರಿಯಿಂದ ನನ್ನ ಬಳಿ ಬಂದರು. ಮೂತ್ರಪಿಂಡ ಕೊಟ್ಟವರೂ ಆಕೆಯೇ. ಬಿಳಿ ರಕ್ತಕಣಗಳ ಸಂಖ್ಯೆ 14,000 ಇತ್ತು. ಸಾಮಾನ್ಯವಾಗಿ ಅದು 4,000ದಿಂದ 11,000ದವರೆಗೆ ಇರುತ್ತದೆ. 'ಸೋಂಕು ತಗುಲಿದೆಯಾ ಡಾಕ್ಟ್ರೇ? ಮನೆಯಲ್ಲಿರುವ ಆ್ಯಂಟಿಬಯೋಟಿಕ್ ಕೊಟ್ಟುಬಿಡಲಾ?' ಎಂದರು. ರೋಗಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ಮೂತ್ರ ಸರಾಗವಾಗಿತ್ತು.

ನಿಮ್ಮ ಮನೆಯಲ್ಲೂ ಕಸಿಯಾದವರಿದ್ದರೆ ಈ ಸಂಖ್ಯೆಯ ಗುಟ್ಟು ತಿಳಿದಿರಬೇಕು. ಬಿಳಿಕಣಗಳಲ್ಲಿ ನ್ಯೂಟ್ರೋಫಿಲ್‌ಗಳದೇ ದೊಡ್ಡ ಪಾಲು. ಅವುಗಳಲ್ಲಿ ಸುಮಾರು ಅರ್ಧದಷ್ಟು ರಕ್ತದೊಡನೆ ಹರಿಯದೆ ನಾಳದ ಗೋಡೆಗೆ ಒತ್ತಿಕೊಂಡು, ಸೋಂಕಾದ ಕಡೆ ಹೊರಗೆ ನುಸುಳಲು ಕಾದಿರುತ್ತವೆ. ಪರೀಕ್ಷೆಯ ಸೂಜಿಗೆ ಸಿಗುವುದು ಹರಿಯುವ ಅರ್ಧ ಮಾತ್ರ.

ಕಸಿಯಾದವರಿಗೆ ಸಾಮಾನ್ಯವಾಗಿ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಕೊಡುತ್ತಾರೆ. ಸ್ಟೀರಾಯ್ಡ್‌ನಿಂದ ಕಣಗಳ ಅಂಟು ಕಡಿಮೆಯಾಗಿ ಅವು ಗೋಡೆಯನ್ನು ಬಿಡುತ್ತವೆ ಎಂದು ನಾವು ಕಾಲೇಜಿನಲ್ಲಿ ಓದಿದ್ದೆವು. 2016ರಲ್ಲಿ ಅಮೆರಿಕದ ಅಟ್ಲಾಂಟಾದ ಸಂಶೋಧಕರು ಇನ್ನೊಂದು ಕಾರಣ ತೋರಿಸಿದರು. ಸ್ಟೀರಾಯ್ಡ್ ತಗುಲಿದ ಬಿಳಿಕಣ ಮೆತ್ತಗಾಗುತ್ತದೆ! ಬಿರುಸಾದ ಕಣವನ್ನು ಕೆಂಪುಕಣಗಳು ಅಂಚಿಗೆ ತಳ್ಳುತ್ತವೆ. ಮೆತ್ತಗಾದದ್ದು ನಡುಪ್ರವಾಹಕ್ಕೆ ಜಾರುತ್ತದೆ. ಲೆಕ್ಕ ಏರುತ್ತದೆ. ಮಜ್ಜೆಯಿಂದ ಒಂದಿಷ್ಟು ಹೊಸಬರು ಬಂದರೂ, ಉಳಿದವರು ಕಾವಲು ಬಿಟ್ಟು ಬೀದಿಗಿಳಿದ ಪೊಲೀಸರು.

ಹೀಗಾಗಿ ಸಂಖ್ಯೆ ಹೆಚ್ಚಿದ್ದರೂ ರಕ್ಷಣೆ ಕಡಿಮೆ. ಟ್ಯಾಕ್ರೋಲಿಮಸ್‌ನಂಥ ಗುಳಿಗೆ ಬೇರೊಂದು ಬಗೆಯ ಬಿಳಿಕಣಗಳಾದ ಲಿಂಫೋಸೈಟ್‌ಗಳನ್ನೂ ಹತ್ತಿಕ್ಕುತ್ತದೆ. ಹೆದರಿ ಇವನ್ನು ನಿಲ್ಲಿಸಿದಿರೋ, ಶರೀರ ಹೊಸ ಮೂತ್ರಪಿಂಡವನ್ನೇ ತಿರಸ್ಕರಿಸೀತು. 1954ರಲ್ಲಿ ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ಅವರು ಕಸಿ ಮಾಡಿದ್ದು ತದ್ರೂಪಿ ಅವಳಿಗಳ ನಡುವೆ. ಅಲ್ಲಿ ಇಂಥ ಔಷಧ ಬೇಕಾಗಲಿಲ್ಲ. ಗಂಡ-ಹೆಂಡಿರಿಗೆ ಆ ಭಾಗ್ಯವಿಲ್ಲ.

ಸ್ಟೀರಾಯ್ಡ್ ಜ್ವರವನ್ನೂ ಮುಚ್ಚಿಡಬಲ್ಲದು. ಆದ್ದರಿಂದ ಮೈ ಕೊಂಚ ಬಿಸಿಯಾದರೂ, ಮೂತ್ರ ಕಡಿಮೆಯಾದರೂ, ಉರಿಯಾದರೂ ಅಂದೇ ಕಸಿ ಮಾಡಿದ ಆಸ್ಪತ್ರೆಗೆ ತಿಳಿಸಿ. ಔಷಧದಂಗಡಿಯಲ್ಲಿ ಕೇಳಿ ಆ್ಯಂಟಿಬಯೋಟಿಕ್ ನುಂಗಬೇಡಿ. ಎರಿತ್ರೋಮೈಸಿನ್‌ನಂಥವು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಿ ಮೂತ್ರಪಿಂಡಕ್ಕೇ ಪೆಟ್ಟು ಕೊಡುತ್ತವೆ. ನೋವಿನ ಗುಳಿಗೆಗಳ ವಿಷಯವಂತೂ ಕೇಳಲೇಬೇಡಿ.

ಆ ದಿನ ಮೂತ್ರ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಕಸಿ ತಜ್ಞರೊಡನೆ ಫೋನಿನಲ್ಲಿ ಮಾತನಾಡಿದೆ. ಆ್ಯಂಟಿಬಯೋಟಿಕ್ ಕೊಡಲಿಲ್ಲ. ಮೂರು ವಾರದ ನಂತರ ಸಂಖ್ಯೆ 10,500ಕ್ಕೆ ಇಳಿದಿತ್ತು, ಮೈಬಿಸಿ 99.6 ಡಿಗ್ರಿ ಅಷ್ಟೆ. ಆದರೂ ಆಕೆ ಕಾಯದೆ ಪತಿಯನ್ನು ಆಸ್ಪತ್ರೆಗೆ ಕರೆದೊಯ್ದರು. ಮೂತ್ರದಲ್ಲಿ ಸೋಂಕಿತ್ತು.