ಸ್ಕಂದಗಿರಿಯ ಸೂರ್ಯೋದಯವೂ ನಮ್ಮ ಕಣ್ಣಿನ ಶಂಕುಕೋಶಗಳೂ

ಚಿಕ್ಕಬಳ್ಳಾಪುರದ ಸಮೀಪದಲ್ಲಿರುವ ಸ್ಕಂದಗಿರಿಯನ್ನು ಸೂರ್ಯೋದಯದರ್ಶನದ ಆಸೆಯಿಂದ ತರುಣತರುಣಿಯರು ಮುಂಜಾವದಲ್ಲಿಯೇ ಏರುವುದುಂಟು. ಮಂಜಿನ ಮೇಲೆ ಹರಡುವ ಹೊಂಬಣ್ಣವನ್ನು ಕಂಡು ಆನಂದಿಸುವುದರಲ್ಲಿ ದೋಷವೇನೂ ಇಲ್ಲ. ಆದರೆ ಬಿಂಬವು ಮೇಲೇರಿ ಪ್ರಖರವಾದ ಮೇಲೂ ಅದನ್ನೇ ದಿಟ್ಟಿಸಿದರೆ ಕಣ್ಣಿಗೆ ಕೇಡುಂಟಾಗಬಹುದು. ಆ ಕೇಡನ್ನು ವೈದ್ಯರು ಅರಿಯುವ ಬಗೆಗಳನ್ನು ಇಲ್ಲಿ ಹೋಲಿಸಿ ತಿಳಿಸುವೆವು.

ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ಸುಮಾರು 60 ಲಕ್ಷ ಶಂಕುಕೋಶಗಳುಂಟು. ಬಣ್ಣವನ್ನೂ ಸಣ್ಣ ಅಕ್ಷರವನ್ನೂ ಗುರುತಿಸುವುದು ಇವುಗಳ ಕೆಲಸವು. ಅಕ್ಷಿಪಟಲದ ನಡುಬಿಂದುವಿನಲ್ಲಿ ಇವು ಚದರ ಮಿಲಿಮೀಟರಿಗೆ ಸುಮಾರು 2 ಲಕ್ಷದ ಪ್ರಮಾಣದಲ್ಲಿ ಒತ್ತಾಗಿರುತ್ತವೆ. ಸೂರ್ಯನನ್ನು ದಿಟ್ಟಿಸಿದಾಗ ಬೆಳಕು ಬೀಳುವುದು ಈ ಬಿಂದುವಿನ ಮೇಲೆಯೇ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲದ ಕಾರಣ, ಕೇಡಾಗುತ್ತಿರುವಾಗ ಅದು ತಿಳಿಯುವುದಿಲ್ಲ.

ಮೊದಲನೆಯ ಸಾಧನವು 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪ್ರಕಟಿಸಿದ ನೇತ್ರದರ್ಶಕವು. ಇದರಿಂದ ಅಕ್ಷಿಪಟಲದ ಮೇಲ್ಮೈ ಕಾಣುವುದು; ಬಿಸಿಲಿನಿಂದಾದ ಹಳದಿ ಚುಕ್ಕೆಯೂ ಕೆಲವೊಮ್ಮೆ ಕಂಡೀತು. ಆದರೆ ಸೂಕ್ಷ್ಮವಾದ ಕೇಡು ಇದರ ಕಣ್ಣು ತಪ್ಪಿಸುವುದು.

ಎರಡನೆಯದು 1991ರಲ್ಲಿ ಪ್ರಕಟವಾದ ಓ.ಸಿ.ಟಿ. ಎಂಬ ವಿಧಾನವು. ಕಣ್ಣನ್ನು ಮುಟ್ಟದೆ, ಹಿಂದಿರುಗಿದ ಬೆಳಕನ್ನು ಅಳೆದು, ಈರುಳ್ಳಿಯನ್ನು ಸೀಳಿದಂತೆ ಪದರಪದರಗಳನ್ನು ಇದು ತೋರಿಸುವುದು. ಶಂಕುಕೋಶಗಳ ಪದರವು ಒಂದು ಹೊಳೆಯುವ ಗೆರೆಯಾಗಿ ಕಾಣುವುದು. ಬಿಸಿಲಿನಿಂದ ಕೇಡಾದಲ್ಲಿ ಆ ಗೆರೆಯಲ್ಲಿ ಸಣ್ಣ ಬಿರುಕು ತೋರುವುದು. ಕೆಲವೇ ನಿಮಿಷಗಳ ಪರೀಕ್ಷೆಯಾದ್ದರಿಂದ ಆಸ್ಪತ್ರೆಗಳಲ್ಲಿ ಇದೇ ಹೆಚ್ಚು ಬಳಕೆಯಲ್ಲಿದೆ. ಆದರೂ ಒಂದೊಂದು ಕೋಶವನ್ನು ಬೇರ್ಪಡಿಸಿ ಎಣಿಸುವುದು ಸಾಮಾನ್ಯ ಓ.ಸಿ.ಟಿ.ಗೆ ಸಾಧ್ಯವಿಲ್ಲ.

ಮೂರನೆಯದು ಅಡಾಪ್ಟಿವ್ ಆಪ್ಟಿಕ್ಸ್. ನಕ್ಷತ್ರವೀಕ್ಷಣೆಗಾಗಿ 1953ರಲ್ಲಿ ಸೂಚಿತವಾದ ಈ ಉಪಾಯವನ್ನು 1997ರಲ್ಲಿ ಅಮೆರಿಕದ ರಾಚೆಸ್ಟರಿನ ವಿಜ್ಞಾನಿಗಳು ಕಣ್ಣಿನ ಕೋಶಗಳ ಚಿತ್ರಣಕ್ಕೆ ಅಳವಡಿಸಿದರು. ಆಕಾರ ಬದಲಿಸುವ ಕನ್ನಡಿಯು ಕಣ್ಣಿನ ಮಸೂರದ ಲೋಪಗಳನ್ನು ಸರಿಪಡಿಸುವುದರಿಂದ, ಶಿಡ್ಲಘಟ್ಟದ ರೈತರು ಚಂದ್ರಿಕೆಯ ಮೇಲೆ ರೇಷ್ಮೆಗೂಡುಗಳನ್ನು ಎಣಿಸುವಂತೆ ಶಂಕುಕೋಶಗಳನ್ನು ಎಣಿಸಬಹುದು. ಆದರೆ ಒಮ್ಮೆಗೆ ಕಾಣುವ ಕ್ಷೇತ್ರವು ಬಹು ಕಿರಿದು. ಅದಲ್ಲದೆ, ಕಪ್ಪಾಗಿ ತೋರಿದ ಕೋಶವೆಲ್ಲವೂ ಸತ್ತಿತೆನ್ನಲಾಗದು. ಬೆಳಕನ್ನು ಹಿಂದಿರುಗಿಸದೆಯೂ ಅದು ಜೀವಿಸಿರಬಹುದು.

ಆದಕಾರಣ ಒಂದು ವಿಧಾನವು ಮತ್ತೊಂದನ್ನು ತಳ್ಳಿಹಾಕುವುದಿಲ್ಲ. ನೇತ್ರದರ್ಶಕವು ಸ್ಥಳವನ್ನೂ, ಓ.ಸಿ.ಟಿ.ಯು ಪದರವನ್ನೂ, ಮೂರನೆಯದು ಸಂಖ್ಯೆಯನ್ನೂ ತಿಳಿಸುವುದು. ದೃಷ್ಟಿ ಎಷ್ಟಿದೆಯೆಂಬುದನ್ನು ಅಕ್ಷರಫಲಕವನ್ನು ಓದಿಸಿಯೇ ತಿಳಿಯಬೇಕು.

ಇಂಥ ಕೇಡಿಗೆ ಖಚಿತವಾದ ಔಷಧವಿಲ್ಲ. ಹಲವರಿಗೆ ತಿಂಗಳುಗಳಲ್ಲಿ ದೃಷ್ಟಿ ಸುಧಾರಿಸಿದರೂ ಕೆಲವರಿಗೆ ನಡುವಿನ ಮಸುಕು ಉಳಿದುಬಿಡುವುದು. 2019ರ ಡಿಸೆಂಬರ್ 26ರಂದು ನಮ್ಮ ನಾಡಿಗೆ ಕಾಣಿಸಿದಂಥ ಸೂರ್ಯಗ್ರಹಣಗಳಲ್ಲಿಯೂ ಇದೇ ಅಪಾಯವುಂಟು. ಮಕ್ಕಳು ಪುಸ್ತಕದ ಸಾಲಿನ ನಡುವೆ ಅಕ್ಷರ ಮಾಯವಾಗುವುದೆಂದರೆ, ತಾಯಿತಂದೆಗಳು ಅದನ್ನು ಓದಿನ ಸೋಮಾರಿತನವೆಂದು ಗದರಿಸದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ಬಿನ್ನವಿಸುವೆವು. ಗಿರಿಯನ್ನೇರುವ ಸೋದರಿಯರೇ, ಬೆಳಗಿದ ಕಣಿವೆಯನ್ನು ಕಣ್ತುಂಬ ನೋಡಿರಿ. ಬೆಳಗುವ ಸೂರ್ಯನನ್ನು ದಿಟ್ಟಿಸದಿರಿ.