ಅಣು ತಳಿಶಾಸ್ತ್ರದ ವ್ಯಾಸಂಗ

ಬೇಸಾಯಗಾರರ ಮಕ್ಕಳಲ್ಲಿ ಅನೇಕರು ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ನಾಲ್ಕು ವರ್ಷದ ಪದವಿಯನ್ನು ಮುಗಿಸಿ, ಮತ್ತೆರಡು ವರ್ಷ ಅಣು ತಳಿಶಾಸ್ತ್ರವನ್ನು ಕಲಿಯಬೇಕೆಂದು ತಂದೆತಾಯಿಗಳನ್ನು ಕೇಳುವುದುಂಟು. ಈ ಮಾತು ಕಿವಿಗೆ ಬಿದ್ದೊಡನೆ, ಇದು ಯಾವ ವಿದ್ಯೆ, ಇದರಿಂದ ಗದ್ದೆಗೆ ಒದಗುವ ಪ್ರಯೋಜನವೇನು, ಖರ್ಚಿಗೆ ತಕ್ಕ ಫಲವುಂಟೆ ಎಂದು ತಂದೆಯಾದವನು ಯೋಚಿಸುವುದು ಸಹಜವೇ ಸರಿ. ಅದು ವಿಷದ ಬೀಜವನ್ನು ಮಾಡುವ ವಿದ್ಯೆಯೆಂದು ಯಾರೋ ಹೇಳಿದ್ದನ್ನು ನಂಬಿ ಮಗಳನ್ನು ತಡೆದವರುಂಟು. ಅದನ್ನು ಕಲಿತ ಮರುದಿನವೇ ದೊಡ್ಡ ಸಂಬಳವೆಂದು ಜಮೀನನ್ನು ಅಡವಿಟ್ಟವರೂ ಉಂಟು. ಎರಡೂ ವಿಚಾರವಿಲ್ಲದೆ ಮಾಡಿದ ಕೆಲಸಗಳು. ಆದಕಾರಣ ಈ ವ್ಯಾಸಂಗದಲ್ಲಿ ಏನನ್ನು ಕಲಿಸುತ್ತಾರೆ, ಅದು ಹೊಲಗದ್ದೆಗಳಿಗೆ ಹೇಗೆ ಮುಟ್ಟುತ್ತದೆ ಎಂಬುದನ್ನು ಒಂದು ನಿಜವಾದ ನಿದರ್ಶನದಿಂದಲೇ ವಿವರಿಸುವುದು ಉಚಿತವೆಂದು ತೋರುತ್ತದೆ.

ತೆನೆಯನ್ನು ಆರಿಸಿ ಬಿತ್ತನೆಗೆ ಕಟ್ಟಿಡುವ ರೈತನಿಗೆ, ಬೀಜವು ತಾಯಿಯ ಗುಣವನ್ನು ಹೊತ್ತು ತರುವುದೆಂಬುದು ಹೊಸ ಸಂಗತಿಯಲ್ಲ. ಆ ಗುಣಗಳು ಲೆಕ್ಕಕ್ಕೆ ಸಿಕ್ಕುವಂತೆ ಸಂತತಿಯಿಂದ ಸಂತತಿಗೆ ಇಳಿಯುತ್ತವೆಂದು ತೋರಿಸಿದವನು ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿ. ಬಟಾಣಿ ಗಿಡಗಳ ಮೇಲೆ ಆತನು ನಡೆಸಿದ ಪ್ರಯೋಗಗಳು ೧೮೬೬ರಲ್ಲಿ ಅಚ್ಚಾದವಾದರೂ ಲೋಕವು ಅವುಗಳ ಬೆಲೆಯನ್ನರಿತದ್ದು ೧೯೦೦ರಲ್ಲಿ. ಗುಣಗಳನ್ನು ಹೊತ್ತಿರುವ ವಸ್ತುವು ಡಿ.ಎನ್.ಎ. ಎಂಬುದೂ, ಅದು ಎರಡು ಎಳೆಗಳನ್ನು ಹುರಿ ಹೊಸೆದಂತಿರುವುದೆಂಬುದೂ ಕ್ರಮವಾಗಿ ತಿಳಿದುಬಂದವು. ಈ ಹುರಿಯ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ ಎಂಬುವರು ೧೯೫೩ರಲ್ಲಿ ಪ್ರಕಟಿಸಿದರು. ಈ ಎಳೆಯ ಉದ್ದಕ್ಕೂ ನಾಲ್ಕೇ ಬಗೆಯ ಅಕ್ಷರಗಳು ಬೇರೆ ಬೇರೆ ಅನುಕ್ರಮದಲ್ಲಿ ಜೋಡಣೆಯಾಗಿರುತ್ತವೆ. ಭತ್ತದ ಹನ್ನೆರಡು ವರ್ಣತಂತುಗಳಲ್ಲಿ ಇಂತಹ ಅಕ್ಷರಗಳು ಸುಮಾರು ೩೯ ಕೋಟಿ ಇರುವುದೆಂದು ೨೦೦೫ರಲ್ಲಿ ಗೊತ್ತಾಯಿತು. ಒಂದೊಂದು ಗುಣಕ್ಕೆ ಕಾರಣವಾದ ತುಣುಕಿಗೆ ವಂಶವಾಹಿ ಎಂದು ಹೆಸರು. ವಂಶವಾಹಿಯನ್ನು ಈ ಅಕ್ಷರಗಳ ಮಟ್ಟದಲ್ಲಿ ಹುಡುಕಿ, ಗುರುತಿಸಿ, ಉಪಯೋಗಿಸುವ ಶಾಸ್ತ್ರವೇ ಅಣು ತಳಿಶಾಸ್ತ್ರ.

ಇನ್ನು ನಿದರ್ಶನಕ್ಕೆ ಬರೋಣ. ಬಿ.ಪಿ.ಟಿ. ೫೨೦೪ ಎಂಬ ಭತ್ತವನ್ನು ತುಂಗಭದ್ರಾ ಅಚ್ಚುಕಟ್ಟಿನ ರೈತರು ಚೆನ್ನಾಗಿ ಬಲ್ಲರು. ಸಾಂಬಾ ಮಸೂರಿ ಎಂಬುದು ಅದರ ಇನ್ನೊಂದು ಹೆಸರು. ಆಂಧ್ರದ ಬಾಪಟ್ಲದಲ್ಲಿ ಸಿದ್ಧವಾಗಿ ೧೯೮೬ರಲ್ಲಿ ಬಿಡುಗಡೆಯಾದ ಈ ತಳಿಯ ಅಕ್ಕಿ ಸಣ್ಣದು, ಅನ್ನ ರುಚಿಯಾದುದು. ಪೇಟೆಯಲ್ಲಿ ಇದಕ್ಕೆ ಸಲ್ಲುವ ಬೆಲೆಯೂ ಒಳ್ಳೆಯದೇ. ಆದರೆ ಇದಕ್ಕೊಂದು ದೊಡ್ಡ ಕೊರತೆಯಿದೆ. ದುಂಡಾಣು ಅಂಗಮಾರಿ ರೋಗವು ತಗುಲಿದರೆ ಇದು ತಡೆಯಲಾರದು. ಮಳೆ ಗಾಳಿಗಳು ಹೆಚ್ಚಾದ ದಿನಗಳಲ್ಲಿ, ಅದರಲ್ಲಿಯೂ ಸಾರಜನಕ ಗೊಬ್ಬರವನ್ನು ಅತಿಯಾಗಿ ಹಾಕಿದ ಗದ್ದೆಗಳಲ್ಲಿ, ಎಲೆಯ ತುದಿಯಿಂದ ಅಂಚಿನಗುಂಟ ಅಲೆಯಲೆಯಾಗಿ ಹಳದಿ ಪಟ್ಟೆಗಳು ಇಳಿದು ಬಂದು, ಕೆಲವೇ ದಿನಗಳಲ್ಲಿ ಪೈರು ಒಣಹುಲ್ಲಿನ ಬಣ್ಣಕ್ಕೆ ತಿರುಗುವುದನ್ನು ಕಂಡವರು ಮರೆಯಲಾರರು. ರೋಗದ ಎಲೆಯನ್ನು ಅಡ್ಡಲಾಗಿ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿದರೆ ಕತ್ತರಿಸಿದ ಬಾಯಿಯಿಂದ ಹಾಲಿನಂತಹ ದ್ರವವು ಎಳೆಯೆಳೆಯಾಗಿ ಇಳಿಯುತ್ತದೆ. ಅದರಲ್ಲಿರುವುದೆಲ್ಲವೂ ರೋಗದ ದುಂಡಾಣುಗಳೇ. ಔಷಧ ಸಿಂಪಡಿಸುವುದರಿಂದ ಈ ರೋಗಕ್ಕೆ ಆಗುವ ಪ್ರತೀಕಾರವು ಅತ್ಯಲ್ಪ. ತಳಿಯಲ್ಲಿಯೇ ತಡೆಯುವ ಶಕ್ತಿಯಿದ್ದರೆ ಮಾತ್ರ ನಿಶ್ಚಿಂತೆ.

ಅಂತಹ ಶಕ್ತಿಯನ್ನು ಕೊಡುವ ವಂಶವಾಹಿಗಳು ಬೇರೆ ಭತ್ತಗಳಲ್ಲಿ ಇದ್ದವು. ಎಕ್ಸ್‌ಎ-೫, ಎಕ್ಸ್‌ಎ-೧೩, ಎಕ್ಸ್‌ಎ-೨೧ ಎಂದು ಅವುಗಳನ್ನು ಕರೆಯುತ್ತಾರೆ. ಮೂರನೆಯದು ಆಫ್ರಿಕದ ಮಾಲಿ ದೇಶದ ಒಂದು ಕಾಡುಭತ್ತದಿಂದ ಬಂದದ್ದು. ಕಾಡಿನ ಹುಲ್ಲೆಂದು ತಾತ್ಸಾರ ಮಾಡತಕ್ಕದ್ದಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಒಂದು ವಂಶವಾಹಿಯನ್ನು ಮಾತ್ರ ಸೇರಿಸಿದರೆ ದುಂಡಾಣುವು ಕಾಲಕ್ರಮದಲ್ಲಿ ಮಾರ್ಪಟ್ಟು ಅದನ್ನು ಮೀರುವ ಭಯವಿರುತ್ತದೆ. ಮೂರನ್ನೂ ಒಟ್ಟಿಗೆ ಸೇರಿಸಿದರೆ ಬಾಗಿಲಿಗೆ ಮೂರು ಅಗುಳಿಗಳನ್ನು ಹಾಕಿದಂತಾಗುತ್ತದೆ.

ಸೇರಿಸುವುದು ಹೇಗೆ? ತೊಡಕಿರುವುದೇ ಇಲ್ಲಿ. ಎಕ್ಸ್‌ಎ-೫ ಮತ್ತು ಎಕ್ಸ್‌ಎ-೧೩ ಅಡಗಿರುವ ಸ್ವಭಾವದವು. ತಂದೆ ತಾಯಿ ಇಬ್ಬರಿಂದಲೂ ಬಂದಲ್ಲದೆ ಅವು ತಮ್ಮ ಗುಣವನ್ನು ತೋರಿಸುವುದಿಲ್ಲ. ಒಬ್ಬರಿಂದ ಮಾತ್ರ ಬಂದಿರುವ ಗಿಡವು ಏನೂ ಇಲ್ಲದ ಗಿಡದಂತೆಯೇ ರೋಗಕ್ಕೆ ತುತ್ತಾಗುತ್ತದೆ. ಎಕ್ಸ್‌ಎ-೨೧ ಆದರೋ ಪ್ರಬಲವಾದುದು. ಅದೊಂದಿದ್ದರೆ ಗಿಡವು ರೋಗವನ್ನು ತಡೆಯುವುದರಿಂದ ಉಳಿದೆರಡು ಅದರಲ್ಲಿ ಇವೆಯೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಹೀಗಿರಲಾಗಿ, ಎಷ್ಟೇ ಅನುಭವಿಯಾದ ತಳಿಗಾರನಾದರೂ ಬರಿಗಣ್ಣಿನಿಂದ ನೋಡಿ ಮೂರೂ ಇರುವ ಗಿಡವನ್ನು ಆರಿಸಲಾರನು. ರೋಗವನ್ನು ಅಂಟಿಸಿ ನೋಡಿದರೂ ಫಲವಿಲ್ಲ. ಗದ್ದೆಯಲ್ಲಿ ಕಾಣದ ಈ ಸಂಗತಿಯನ್ನು ಪ್ರಯೋಗಶಾಲೆಯಲ್ಲಿ ಕಾಣುವಂತೆ ಮಾಡುವುದನ್ನೇ ವಿದ್ಯಾರ್ಥಿಗಳು ಮುಖ್ಯವಾಗಿ ಅಭ್ಯಾಸ ಮಾಡುವುದು.

ಕೆಲಸದ ಕ್ರಮ ಹೀಗಿದೆ. ಎಳೆಯ ಎಲೆಯ ಒಂದು ಚಿಕ್ಕ ತುಂಡನ್ನು ಕಿತ್ತು, ಅತಿಶೀತಲವಾದ ದ್ರವ ಸಾರಜನಕವನ್ನು ಸುರಿದು ಕುಟ್ಟಾಣಿಯಲ್ಲಿ ನುಣ್ಣಗೆ ಅರೆಯುತ್ತಾರೆ. ಸಿ-ಟ್ಯಾಬ್ ಎಂಬ, ಸಾಬೂನಿನ ಜಾತಿಗೆ ಸೇರಿದ ಒಂದು ವಸ್ತುವಿನ ಬಿಸಿ ದ್ರಾವಣದಲ್ಲಿ ಅದನ್ನು ನೆನೆಯಿಸಿದರೆ ಜೀವಕಣಗಳ ಪೊರೆಗಳು ಒಡೆಯುತ್ತವೆ. ಕ್ಲೋರೋಫಾರಂ ಬೆರಸಿ ಯಂತ್ರದಲ್ಲಿ ರಭಸವಾಗಿ ತಿರುಗಿಸಿ, ಮೇಲಿನ ತಿಳಿಗೆ ತಣ್ಣನೆಯ ಆಲ್ಕೊಹಾಲನ್ನು ಸೇರಿಸಿದರೆ ಡಿ.ಎನ್.ಎ.ಯು ಬಿಳಿಯ ನೂಲಿನಂತೆ ತೇಲಿ ಬರುತ್ತದೆ. ಇದನ್ನು ಮೊದಲ ಸಲ ಕಂಡ ವಿದ್ಯಾರ್ಥಿಯು ಆಶ್ಚರ್ಯಪಡದೆ ಇರಲಾರನು. ನೂರನೆಯ ಸಲಕ್ಕೆ ಆಶ್ಚರ್ಯವು ಹೋಗಿ ಸೊಂಟನೋವು ಉಳಿಯುತ್ತದೆಂಬುದೂ ನಿಜ.

ಹಾಗೆ ದೊರೆತ ಡಿ.ಎನ್.ಎ.ಯಲ್ಲಿ ಬೇಕಾದ ತುಣುಕು ಅತ್ಯಲ್ಪವಾಗಿರುವುದರಿಂದ ಅದನ್ನು ಹೆಚ್ಚಿಸಬೇಕು. ೧೯೮೩ರಲ್ಲಿ ಕೇರಿ ಮುಲ್ಲಿಸ್ ಎಂಬ ಅಮೆರಿಕನ್ನನು ಕಂಡುಹಿಡಿದ ಪಿ.ಸಿ.ಆರ್. ಎಂಬ ವಿಧಾನದಿಂದ ಇದು ಸಾಧ್ಯ. ಯಂತ್ರವು ದ್ರಾವಣವನ್ನು ಸುಮಾರು ೯೪ ಡಿಗ್ರಿಗೆ ಕಾಯಿಸಿದಾಗ ಹುರಿಯು ಬಿಚ್ಚಿಕೊಳ್ಳುತ್ತದೆ. ೫೫ರ ಸುಮಾರಿಗೆ ಇಳಿಸಿದಾಗ, ಬೇಕಾದ ತುಣುಕಿನ ಎರಡು ತುದಿಗಳಿಗೆ ಹೊಂದುವ ಚಿಕ್ಕ ಎಳೆಗಳು ಹೋಗಿ ಅಂಟುತ್ತವೆ. ೭೨ಕ್ಕೆ ಏರಿಸಿದಾಗ ನಡುವಿನ ಭಾಗವು ಹೊಸದಾಗಿ ರಚನೆಯಾಗುತ್ತದೆ. ಒಂದೊಂದು ಸುತ್ತಿಗೂ ತುಣುಕು ಇಮ್ಮಡಿ. ಒಂದು ರಾಗಿಕಾಳನ್ನು ೩೦ ಬಾರಿ ಇಮ್ಮಡಿಸಿದರೆ ೧೦೭ ಕೋಟಿ ಕಾಳುಗಳಾಗುವಂತೆ, ಕೆಲವು ಗಂಟೆಗಳಲ್ಲಿ ಒಂದು ತುಣುಕಿನಿಂದ ಕೋಟಿಗಟ್ಟಲೆ ತುಣುಕುಗಳಾಗುತ್ತವೆ. ಬಳಿಕ ಅವನ್ನು ಕಡಲಪಾಚಿಯಿಂದ ತೆಗೆದ ಅಗರೋಸಿನ ಗಂಜಿಹಲ್ಲೆಯಲ್ಲಿಟ್ಟು ವಿದ್ಯುತ್ತನ್ನು ಹಾಯಿಸಿದರೆ, ಗಿಡ್ಡ ತುಣುಕುಗಳು ಮುಂದೆಯೂ ಉದ್ದವಾದವು ಹಿಂದೆಯೂ ಸಾಗಿ ಗೆರೆಗಳಾಗಿ ನಿಲ್ಲುತ್ತವೆ. ರೋಗನಿರೋಧಕ ತಳಿಯ ಗೆರೆ ಒಂದೆಡೆಯಾದರೆ ಸಾಂಬಾ ಮಸೂರಿಯ ಗೆರೆ ಇನ್ನೊಂದೆಡೆ. ಎರಡೂ ಗೆರೆಗಳಿರುವ ಗಿಡದಲ್ಲಿ ವಂಶವಾಹಿಯು ಒಂದು ಕಡೆಯಿಂದ ಮಾತ್ರ ಬಂದಿದೆಯೆಂದು ತಿಳಿಯತಕ್ಕದ್ದು. ಅಡಗಿರುವ ಗುಣವೂ ಹೀಗೆ ಕಣ್ಣಿಗೆ ಬೀಳುತ್ತದೆ. ಅದೂ ಸಸಿಯು ಒಟ್ಲಿನಲ್ಲಿರುವಾಗಲೇ.

ಇಷ್ಟರಿಂದ ತಳಿಯು ಸಿದ್ಧವಾಗುವುದಿಲ್ಲ. ಗದ್ದೆಯ ಕೆಲಸವನ್ನು ಯಾವ ಯಂತ್ರವೂ ತಪ್ಪಿಸಿಲ್ಲ. ಸಂಜೆಯ ಹೊತ್ತು ತಾಯಿ ತೆನೆಯ ಒಂದೊಂದು ಹೂವಿನ ಮೇಲ್ತುದಿಯನ್ನು ಕತ್ತರಿಸಿ, ಒಳಗಿನ ಆರು ಕೇಸರಗಳನ್ನೂ ತೆಗೆದು, ಕಾಗದದ ಚೀಲವನ್ನು ಮುಚ್ಚಿ, ಮರುದಿನ ಬೆಳಿಗ್ಗೆ ತಂದೆ ಗಿಡದ ಪರಾಗವನ್ನು ಉದುರಿಸಬೇಕು. ಹುಟ್ಟಿದ ಮಿಶ್ರ ಗಿಡದಲ್ಲಿ ಅರ್ಧ ಗುಣ ಮಾತ್ರ ಸಾಂಬಾ ಮಸೂರಿಯದು. ರೈತನಿಗೆ ಬೇಕಾದುದು ಅದೇ ಸಣ್ಣಕ್ಕಿ, ಅದೇ ರುಚಿ. ಆದುದರಿಂದ ಮಿಶ್ರ ಗಿಡವನ್ನು ಮತ್ತೆ ಮತ್ತೆ ಸಾಂಬಾ ಮಸೂರಿಯೊಡನೆಯೇ ಕೂಡಿಸುತ್ತಾರೆ. ಕುಂಕುಮದ ನೀರಿನ ಕೊಡದಲ್ಲಿ ಅರ್ಧವನ್ನು ಚೆಲ್ಲಿ ಶುದ್ಧ ನೀರನ್ನು ತುಂಬುತ್ತ ಹೋದರೆ ಬಣ್ಣ ತಿಳಿಯಾಗುವಂತೆ, ಮೂಲ ತಳಿಯ ಪಾಲು ಸರಾಸರಿಯಲ್ಲಿ ನೂರಕ್ಕೆ ೫೦ರಿಂದ ೭೫, ೮೭॥, ೯೩॥। ಎಂದು ಏರಿ, ನಾಲ್ಕನೆಯ ಸಲಕ್ಕೆ ೯೭ರ ಹತ್ತಿರ ಬರುತ್ತದೆ. ಪ್ರತಿ ಸಲವೂ ಬೇಕಾದ ಮೂರು ವಂಶವಾಹಿಗಳು ಚೆಲ್ಲಿಹೋಗದಂತೆ ನೋಡಿಕೊಳ್ಳುವುದೇ ಜಾಣತನ. ಮೂರನ್ನೂ ಪಡೆದಿರುವ ಗಿಡವು ಎಂಟರಲ್ಲಿ ಒಂದು ಮಾತ್ರ. ಕಡೆಗೆ ಸ್ವಪರಾಗದಿಂದ ಬೆಳೆಸಿದಾಗ ಮೂರೂ ಎರಡು ಕಡೆಗಳಿಂದಲೂ ಬಂದಿರುವ ಗಿಡ ಸಿಕ್ಕುವುದು ಅರುವತ್ತನಾಲ್ಕರಲ್ಲಿ ಒಂದು. ಮುನ್ನೂರು ಸಸಿಗಳನ್ನು ಪರೀಕ್ಷಿಸಿದರೆ ನಾಲ್ಕೈದು ದೊರೆತಾವು. ಕೊನೆಯದಾಗಿ ದುಂಡಾಣುವಿನ ನೀರಿನಲ್ಲಿ ಅದ್ದಿದ ಕತ್ತರಿಯಿಂದ ಎಲೆಯ ತುದಿಗಳನ್ನು ಕತ್ತರಿಸಿ, ಎರಡು ವಾರಗಳ ಮೇಲೆ ಒಣಗಿದ ಭಾಗವನ್ನು ಅಳೆದು ನೋಡುತ್ತಾರೆ. ಗಂಜಿಹಲ್ಲೆಯ ಗೆರೆಯನ್ನು ನಂಬಿ ಈ ಪರೀಕ್ಷೆಯನ್ನು ಬಿಡುವ ವಿದ್ಯಾರ್ಥಿಯು ಒಳ್ಳೆಯ ತಳಿಗಾರನಾಗಲಾರನು.

ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದವರೂ ಅಲ್ಲಿಯ ಭತ್ತ ಸಂಶೋಧನಾ ಸಂಸ್ಥೆಯವರೂ ಕೂಡಿ ಈ ರೀತಿಯಲ್ಲಿ ಸಿದ್ಧಪಡಿಸಿದ ತಳಿಯು ಸುಧಾರಿತ ಸಾಂಬಾ ಮಸೂರಿ ಎಂಬ ಹೆಸರಿನಿಂದ ೨೦೦೮ರಲ್ಲಿ ಬಿಡುಗಡೆಯಾಯಿತು. ಇದು ಹೈಬ್ರಿಡ್ ಬೀಜವಲ್ಲ. ಬೆರಕೆಯಾಗದಂತೆ ಬೆಳೆದರೆ ತನ್ನ ಬಿತ್ತನೆಯನ್ನು ರೈತನು ತಾನೇ ಇಟ್ಟುಕೊಳ್ಳಬಹುದು. ಇದರ ನಿರೋಧಕ ಶಕ್ತಿ ದುಂಡಾಣು ಅಂಗಮಾರಿಗೆ ಮಾತ್ರ. ಬೆಂಕಿ ರೋಗವಾಗಲಿ ಕಂದು ಜಿಗಿಹುಳುವಾಗಲಿ ಬಂದರೆ ಅದಕ್ಕೆ ತಕ್ಕ ಉಪಾಯವನ್ನು ಬೇರೆಯಾಗಿ ಮಾಡಲೇಬೇಕು.

ಇದು ಕುಲಾಂತರಿಯೇ ಎಂದು ಹಲವರು ಕೇಳುತ್ತಾರೆ. ಅಲ್ಲ. ಭತ್ತದ ವಂಶವಾಹಿಗಳು ಹೂವಿನ ಮೂಲಕವೇ ಭತ್ತಕ್ಕೆ ಬಂದಿವೆ. ಪ್ರಯೋಗಶಾಲೆಯು ಆರಿಸುವ ಕೆಲಸವನ್ನು ಮಾತ್ರ ಮಾಡಿದೆ. ೨೦೦೨ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿಯ ವಿಷಯ ಬೇರೆ. ಅದರಲ್ಲಿ ಮಣ್ಣಿನ ಒಂದು ಸೂಕ್ಷ್ಮಜೀವಿಯ ವಂಶವಾಹಿಯನ್ನು ಸೇರಿಸಿದ್ದಾರೆ. ಬಿ.ಟಿ. ಬದನೆಯನ್ನು ಸರ್ಕಾರವು ೨೦೧೦ರಲ್ಲಿ ತಡೆಹಿಡಿಯಿತು. ಮೂರನೆಯ ಬಗೆಯೊಂದುಂಟು: ಗಿಡದ ಸ್ವಂತ ಅಕ್ಷರಗಳನ್ನೇ ನಿರ್ದಿಷ್ಟ ಸ್ಥಳದಲ್ಲಿ ತಿದ್ದುವುದು. ಸಾಂಬಾ ಮಸೂರಿಯನ್ನೇ ಹೀಗೆ ತಿದ್ದಿ ಪಡೆದ ಕಮಲಾ ಎಂಬ ಭತ್ತವನ್ನು ೨೦೨೫ರಲ್ಲಿ ಪ್ರಕಟಿಸಿದ್ದಾರೆ. ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಹೊಗಳುವುದಾಗಲಿ ತೆಗಳುವುದಾಗಲಿ ಸರಿಯಲ್ಲ. ಬೀಜವು ಯಾವ ಬಗೆಯದೆಂದು ಕೇಳಿ ತಿಳಿಯುವ ಹಕ್ಕು ಕೊಳ್ಳುವವನಿಗಿದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ರಾಗಿಯ ಎಂ.ಎಲ್. ೩೬೫ ಎಂಬ ತಳಿಯ ಅಕ್ಷರಮಾಲೆಯನ್ನು ಓದಿ ೨೦೧೭ರಲ್ಲಿ ಪ್ರಕಟಿಸಿದುದು ಕನ್ನಡ ನಾಡಿಗೆ ಹತ್ತಿರದ ಸಂಗತಿ. ರಾಗಿಯು ೩೬ ವರ್ಣತಂತುಗಳ ಜಟಿಲವಾದ ಸಸ್ಯ. ಹೂವಾದರೋ ಅತಿ ಸಣ್ಣದು. ಇಂತಹ ಸಾಧನಗಳು ಯಾವುವೂ ಇಲ್ಲದ ಕಾಲದಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರ ತಾಳ್ಮೆಯನ್ನು ಈ ಶಾಸ್ತ್ರವನ್ನು ಕಲಿತವರೇ ಹೆಚ್ಚಾಗಿ ಬಲ್ಲರು.

ಹಾಗಾದರೆ ಯಾರು ಇದನ್ನು ಕಲಿಯಬಹುದು? ಗಣಿತಕ್ಕೆ ಹೆದರದವರು, ಒಂದೇ ಕೆಲಸವನ್ನು ನೂರು ಸಲ ಬೇಸರವಿಲ್ಲದೆ ಮಾಡಬಲ್ಲವರು, ಕೆಸರಿಗೆ ಇಳಿಯಲು ಹಿಂಜರಿಯದವರು. ಎರಡು ವರ್ಷಗಳಲ್ಲಿ ತಳಿಯೊಂದು ಕೈಗೆ ಬರುವುದಿಲ್ಲ. ವಿದ್ಯಾರ್ಥಿಯ ಪಾಲಿಗೆ ಬರುವುದು ದೊಡ್ಡ ಕೆಲಸದ ಒಂದು ತುಂಡು ಮಾತ್ರ. ಉದ್ಯೋಗಗಳು ಇವೆ, ಹೇರಳವಾಗಿಲ್ಲ. ಬೀಜದ ಕಂಪೆನಿಗಳಲ್ಲಿಯೂ ಸಂಶೋಧನಾ ಸಂಸ್ಥೆಗಳಲ್ಲಿಯೂ ಮೇಲಿನ ಸ್ಥಾನಗಳಿಗೆ ಡಾಕ್ಟರೇಟನ್ನು ಕೇಳುವುದೇ ಹೆಚ್ಚು, ಅದಕ್ಕೆ ಮತ್ತೆ ಮೂರು ವರ್ಷಗಳಾದರೂ ಬೇಕು. ಅಖಿಲ ಭಾರತ ಪ್ರವೇಶ ಪರೀಕ್ಷೆಯಲ್ಲಿ ಮೇಲ್ದರ್ಜೆ ಪಡೆದವರಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ವಿದ್ಯಾರ್ಥಿವೇತನವನ್ನು ಕೊಡುತ್ತದೆ. ಜಮೀನನ್ನು ಅಡವಿಡುವ ಮೊದಲು ಈ ಪರೀಕ್ಷೆಗೆ ಆರು ತಿಂಗಳು ಓದುವುದು ಮೇಲು.

ಪದವಿಯ ತರಗತಿಗೆ ಸೇರುವಾಗ ಕೃಷಿಕರ ಮಕ್ಕಳಿಗೆ ಮೀಸಲಾದ ಸ್ಥಾನಗಳುಂಟು. ಇದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಪ್ರಾಯೋಗಿಕ ಪರೀಕ್ಷೆಯನ್ನು ನಡೆಸುತ್ತಾರೆ. ಬೀಜ, ಗೊಬ್ಬರ, ಕಳೆ, ಉಪಕರಣಗಳನ್ನು ಗುರುತಿಸಲು ಹೊಲದಲ್ಲಿ ದುಡಿದ ಹುಡುಗ ಹುಡುಗಿಯರಿಗೆ ಕಷ್ಟವಾಗದು. ಪದವಿಯ ಕಡೆಯ ವರ್ಷದಲ್ಲಿ ವಿದ್ಯಾರ್ಥಿಗಳು ಗ್ರಾಮಗಳಲ್ಲಿ ಕೆಲವು ಕಾಲ ವಾಸಮಾಡುವ ಏರ್ಪಾಡಿದೆ. ಅವರು ಬಂದಾಗ ರೋಗದ ಎಲೆಗಳನ್ನು ತೋರಿಸಿದರೆ ಇಬ್ಬರಿಗೂ ಪ್ರಯೋಜನ. ಎಲೆಗಳನ್ನು ಹಸಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕೊಳೆಯುತ್ತವೆ. ಹಳೆಯ ವೃತ್ತಪತ್ರಿಕೆಯ ಮಡಿಕೆಗಳ ನಡುವೆ ಹರಡಿ, ತಳಿಯ ಹೆಸರು, ನಾಟಿಯ ದಿನ, ಹಾಕಿದ ಗೊಬ್ಬರ ಇವುಗಳನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಇಡತಕ್ಕದ್ದು.